ತೆಳುವಾದಾಗ ತೋರುವ ತೇಜಸ್ಸು

ಯಂತ್ರಗಳ ಬೇರಿಂಗುಗಳಿಗೆ ಹಚ್ಚುವ ಕಪ್ಪು ಗ್ರೀಸನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಅಂಥ ಕೆಲವು ಗ್ರೀಸುಗಳಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಪುಡಿ ಬೆರೆತಿರುತ್ತದೆ. ಹೊತ್ತಗೆಯ ಹಾಳೆಗಳಂತೆ ಪೇರಿಸಿಕೊಂಡಿರುವ ಅದರ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ ಅದಕ್ಕೆ ಆ ಉದ್ಯೋಗ ದೊರೆತಿದೆ. ಅದು ಅರೆವಾಹಕವೂ ಹೌದು. ಆದರೆ ಗಟ್ಟಿ ಹರಳಾಗಿದ್ದಾಗ ಬೆಳಕು ಸೂಸುವುದರಲ್ಲಿ ತೀರ ದುರ್ಬಲ.

2010ರಲ್ಲಿ ಅಮೆರಿಕದ ಕೊಲಂಬಿಯಾ ಹಾಗೂ ಬರ್ಕ್ಲಿ ವಿಶ್ವವಿದ್ಯಾಲಯಗಳ ಎರಡು ತಂಡಗಳು ಅದರ ಒಂದೇ ಪದರವನ್ನು ಬೇರ್ಪಡಿಸಿ ಲೇಸರ್ ಕಿರಣದಿಂದ ಪರೀಕ್ಷಿಸಿದವು. ಆ ಪದರದ ದಪ್ಪ ಸುಮಾರು 0.65 ನ್ಯಾನೊಮೀಟರ್, ಹದಿನೈದು ಲಕ್ಷ ಪದರಗಳನ್ನು ಪೇರಿಸಿದರೆ ಒಂದು ಮಿಲಿಮೀಟರ್ ಆದೀತು. ಅಷ್ಟು ತೆಳುವಾದದ್ದು ಕೆಂಪು ಬೆಳಕನ್ನು ಹೊಮ್ಮಿಸಿತು! ಬೆಳಕನ್ನು ಹೀರಿ ಮರಳಿ ಸೂಸುವ ಅದರ ಸಾಮರ್ಥ್ಯ ಗಟ್ಟಿ ಹರಳಿಗಿಂತ ಹತ್ತು ಸಾವಿರ ಪಟ್ಟಿಗೂ ಮಿಗಿಲೆಂದು ಕೊಲಂಬಿಯಾದವರು ಅಳೆದರು.

ಕಾರಣವೇನು? ಬೆಳಕನ್ನುಂಡು ಮೇಲಿನ ಶಕ್ತಿಮಟ್ಟಕ್ಕೇರಿದ ಇಲೆಕ್ಟ್ರಾನು ಕೆಳಗಿನ ತೆರವಿಗೆ ಮರಳಿದಾಗ ಬೆಳಕು ಹುಟ್ಟುತ್ತದೆ. ಗಟ್ಟಿ ಹರಳಿನಲ್ಲಿ ಆ ತೆರವು ನೇರ ಕೆಳಗಿಲ್ಲ. ಅಟ್ಟದಿಂದ ಇಳಿಯಬೇಕಾದವನ ಏಣಿ ಪಕ್ಕದ ಕೋಣೆಯಲ್ಲಿದ್ದಂತೆ, ಇಲೆಕ್ಟ್ರಾನು ತನ್ನ ಸಂವೇಗವನ್ನೂ ಬದಲಿಸಬೇಕು. ಅದಕ್ಕೆ ಹರಳಿನ ಕಂಪನದ ನೆರವು ಬೇಕು. ಈ ವಿಳಂಬದಲ್ಲಿ ಶಕ್ತಿಯ ಬಹುಪಾಲು ಶಾಖವಾಗಿ ಕಳೆದುಹೋಗುತ್ತದೆ. ಪದರವೊಂದೇ ಉಳಿದಾಗ ನೆರೆಯ ಪದರಗಳ ಪ್ರಭಾವ ತಪ್ಪಿ, ಶಕ್ತಿಮಟ್ಟಗಳು ಸ್ಥಾನ ಬದಲಿಸಿ, ಏಣಿ ನೇರ ಕೆಳಗೆ ಬಂದು ನಿಲ್ಲುತ್ತದೆ. ಶಕ್ತಿಯ ಅಂತರವೂ ಸುಮಾರು 1.3 ಇಲೆಕ್ಟ್ರಾನ್‌ವೋಲ್ಟಿನಿಂದ 1.9ರ ಸಮೀಪಕ್ಕೆ ಏರುತ್ತದೆ.

ಆದರೂ ಆ ಪದರವು ಹೀರಿದುದರಲ್ಲಿ ನೂರಕ್ಕೆ ಒಂದು ಪಾಲನ್ನೂ ಬೆಳಕಾಗಿ ಮರಳಿಸುತ್ತಿರಲಿಲ್ಲ. 2015ರಲ್ಲಿ ಬರ್ಕ್ಲಿಯ ಮತ್ತೊಂದು ತಂಡವು ಪ್ರಬಲ ಆಮ್ಲವೊಂದರಿಂದ ಅದನ್ನು ಉಪಚರಿಸಿದಾಗ ಆ ಪಾಲು ನೂರಕ್ಕೆ 95ನ್ನು ದಾಟಿತು. ಆಮ್ಲವು ಪದರದ ಊನಗಳನ್ನು ಸರಿಪಡಿಸಿತೆಂದು ಆಗ ಭಾವಿಸಲಾಯಿತು. 2019ರಲ್ಲಿ ಅದೇ ಪ್ರಯೋಗಶಾಲೆಯವರು ಆಮ್ಲವನ್ನು ಸೋಕಿಸದೆ, ವೋಲ್ಟೇಜಿನಿಂದ ಹೆಚ್ಚುವರಿ ಇಲೆಕ್ಟ್ರಾನುಗಳನ್ನು ತೆಗೆದು ಅದೇ ಫಲವನ್ನು ಪಡೆದರು. ಊನಗಳು ಇದ್ದಲ್ಲಿಯೇ ಇದ್ದವು. ಬೆಳಕನ್ನು ನುಂಗುತ್ತಿದ್ದುದು ಆ ಹೆಚ್ಚುವರಿ ವಿದ್ಯುದಂಶ.

ಈ ಭೇದ ಅಲ್ಪವಲ್ಲ. ಊನವೇ ಕಾರಣವಾಗಿದ್ದರೆ ಕಳಂಕರಹಿತ ಪದರವನ್ನೇ ಬೆಳೆಸಬೇಕಾಗಿತ್ತು, ಅದು ದುಸ್ಸಾಧ್ಯ. ಈಗ ಹಾದಿ ಸುಗಮವಾಗಿದೆ. ಆದರೆ ಪ್ರಖರವಾಗಿ ಬೆಳಗಿಸಹೊರಟರೆ ಉದ್ರಿಕ್ತ ಇಲೆಕ್ಟ್ರಾನುಗಳು ಪರಸ್ಪರ ತಾಗಿ ಬೆಳಕು ಕುಂದುವ ತೊಡಕು ಇದ್ದೇ ಇದೆ. ವಿಜ್ಞಾನ ಕಲಿಯುವ ಮಕ್ಕಳಿಗೆ ನಾವು ಹೇಳುವುದಿಷ್ಟೇ: ಫಲ ಕೈಸೇರಿದ ಮೇಲೂ ಅದರ ಕಾರಣವನ್ನು ಮತ್ತೊಮ್ಮೆ ಪರೀಕ್ಷಿಸಿದವರಿಂದಲೇ ಈ ಹಾದಿ ತೆರೆಯಿತು.