ಟೆಂಡರ್ ಇಲ್ಲದೆ ಖರೀದಿಯಾದ ವೈದ್ಯಕೀಯ ಉಪಕರಣಗಳ ಲೆಕ್ಕ ಕೋರಿ ಬಾಗಲೂರು ನಾಗರಿಕರ ಮನವಿ ಪತ್ರ

ಇವರಿಗೆ:
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಕರ್ನಾಟಕ ವಿಧಾನಮಂಡಲ,
ವಿಧಾನಸೌಧ, ಬೆಂಗಳೂರು.

ಇವರಿಂದ:
ಬಾಗಲೂರು, ಬಂಡಿಕೊಡಿಗೇಹಳ್ಳಿ, ಹೂವಿನಾಯಕನಹಳ್ಳಿ, ಸಾತನೂರು, ದ್ವಾರಕಾನಗರದ ನಿವಾಸಿಗಳು.

ವಿಷಯ: ಕೋವಿಡ್ ಕಾಲದಲ್ಲಿ ತುರ್ತು ವಿನಾಯಿತಿಯಡಿ ಖರೀದಿಸಿದ ಉಪಕರಣಗಳ ವಿಲೇವಾರಿ ತಡೆಯುವ ಹಾಗೂ ಅವುಗಳ ಬೆಲೆ, ಪೂರೈಕೆದಾರರ ವಿವರ ಬಹಿರಂಗಪಡಿಸುವ ಬಗ್ಗೆ, ಇತರೆ ಬೇಡಿಕೆಗಳ ಬಗ್ಗೆ.

ಮಾನ್ಯರೇ,

ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಯೊಂದರ ಸ್ಟೋರ್ ಕೋಣೆಯಲ್ಲಿ, ಎರಡನೇ ಅಲೆಯ ಹೊತ್ತಿಗೆ ಬಂದಿಳಿದ ವೆಂಟಿಲೇಟರ್‌ಗಳೂ ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳೂ ಪ್ಯಾಕಿಂಗ್ ಸಮೇತ ಬಿದ್ದಿವೆ. ಆಕ್ಸಿಜನ್ ಪೈಪ್‌ಲೈನ್ ಇಲ್ಲ, ನಡೆಸುವ ಸಿಬ್ಬಂದಿ ಇಲ್ಲ, ವಾರಂಟಿ ಡಬ್ಬದೊಳಗೇ ಮುಗಿದಿದೆ. ಇದನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದೆವು. ಈಗ ಇವೇ ಯಂತ್ರಗಳನ್ನು ನಿರುಪಯುಕ್ತವೆಂದು ಪಟ್ಟಿಮಾಡಿ ಹರಾಜು ಹಾಕುವ ತಯಾರಿ ನಡೆದಿದೆ. ಬದಲಿಗೆ ಹೊಸದನ್ನು ಮತ್ತೆ ಟೆಂಡರ್ ಇಲ್ಲದೆ, ಪಾರದರ್ಶಕತೆ ಅಧಿನಿಯಮದ ಕಲಂ 4(ಜಿ) ವಿನಾಯಿತಿಯಲ್ಲೇ ತರಿಸುವ ಮಾತು ಕೇಳಿಬರುತ್ತಿದೆ. ಒಂದು ದಿನವೂ ಯಾರ ಉಸಿರಿಗೂ ಒದಗದ ಯಂತ್ರ ಗುಜರಿಗೆ ಹೋದರೆ ಅದರ ಮೇಲಿನ ಸೀರಿಯಲ್ ನಂಬರೂ ಹೋಗುತ್ತದೆ. ಆಮೇಲೆ ಯಾವ ಆಯೋಗ ಬಂದು ಏನನ್ನು ಪರಿಶೀಲಿಸಬೇಕು?

ನಾವು ಕೇಳಿದ್ದು ಹೆಚ್ಚೇನಲ್ಲ. ಈ ಯಂತ್ರಗಳನ್ನು ಯಾರಿಂದ, ಯಾವ ಬೆಲೆಗೆ, ಯಾರ ಆದೇಶದ ಮೇರೆಗೆ ಕೊಂಡರು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು (ಅಡಕ 1). ಖರೀದಿ ನಮ್ಮಲ್ಲಿ ಆಗಿಲ್ಲ, ಮೇಲಿನಿಂದ ಬಂದದ್ದು ಎಂದು ಆಸ್ಪತ್ರೆಯವರು ಕಲಂ 6(3)ರಡಿ ಅರ್ಜಿಯನ್ನು ಮೇಲಕ್ಕೆ ಕಳಿಸಿದರು (ಅಡಕ 2). ಮೇಲಿನವರು ವಿಚಾರಣೆ ಬಾಕಿ ಇದೆ ಎಂದು ಕಲಂ 8(1)(ಎಚ್) ತೋರಿಸಿ ನಿರಾಕರಿಸಿದರು (ಅಡಕ 3). ತನಿಖೆ ನಡೆಯುತ್ತಿದೆ ಎಂಬಷ್ಟೇ ಕಾರಣಕ್ಕೆ ಮಾಹಿತಿ ತಡೆಯುವಂತಿಲ್ಲ, ಅದರಿಂದ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ ಭಗತ್ ಸಿಂಗ್ ಪ್ರಕರಣದಲ್ಲಿ 2007ರಲ್ಲೇ ಹೇಳಿದೆ. ಅದರ ಪ್ರತಿಯನ್ನೂ ಲಗತ್ತಿಸಿ ಮೇಲ್ಮನವಿ ಸಲ್ಲಿಸಿದೆವು (ಅಡಕ 4, 5). ಉತ್ತರವಿಲ್ಲ. ಸ್ಟಾಕ್ ರಿಜಿಸ್ಟರಿನ ಸಂಬಂಧಪಟ್ಟ ಪುಟದ ನಕಲು ಕೇಳಿದಾಗ ರಿಜಿಸ್ಟರೇ ವಿಚಾರಣೆಗೆ ಹೋಗಿದೆ ಎಂದರು (ಅಡಕ 6). ರಿಜಿಸ್ಟರ್ ಅಲ್ಲಿದ್ದರೆ, ನಿರುಪಯುಕ್ತ ವಸ್ತುಗಳ ಪಟ್ಟಿಯನ್ನು ಯಾವ ಪುಸ್ತಕ ನೋಡಿ ಬರೆದರು ಎಂಬುದನ್ನು ತಾವೇ ಕೇಳಬೇಕು. ಕೋಣೆಯ ಕಿಟಕಿಯಿಂದ ತೆಗೆದ ಫೋಟೋಗಳು ಅಡಕ 7ರಲ್ಲಿವೆ.

ತುರ್ತಿನಲ್ಲಿ ಟೆಂಡರ್ ಕರೆಯಬೇಕಿತ್ತು ಎಂಬ ವಾದ ನಮ್ಮದಲ್ಲ. 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದಾಗ, 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಮಂದಿ ತೀರಿಕೊಂಡಾಗ, ಬಿಡ್ ತೆರೆಯುವ ದಿನಾಂಕಕ್ಕಾಗಿ ಕಾಯಿರಿ ಎನ್ನುವ ಕಲ್ಲೆದೆ ಯಾರಿಗೂ ಇಲ್ಲ. ಆದರೆ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಕಲಂ 4 ತಾವು ಬಲ್ಲಂಥದ್ದೇ. ಅದು ವಿನಾಯಿತಿ ಕೊಡುವುದು ಟೆಂಡರ್ ಅಧ್ಯಾಯದಿಂದ ಮಾತ್ರ. ದಾಸ್ತಾನು ಪುಸ್ತಕ, ಬಿಲ್ಲು, ಲೆಕ್ಕಪರಿಶೋಧನೆಗೆ ಯಾವ ವಿನಾಯಿತಿಯೂ ಇಲ್ಲ. ಟೆಂಡರ್ ಇದ್ದರೆ ಸೋತ ಬಿಡ್‌ದಾರ ಕಲಂ 16ರಡಿ ಮೇಲ್ಮನವಿ ಹಾಕಿಯಾನು. ಇಲ್ಲದಾಗ ಪ್ರಶ್ನೆ ಕೇಳಲು ಉಳಿಯುವವರು ನಮ್ಮಂಥ ಜನ ಮತ್ತು ತಮ್ಮ ಸಮಿತಿ ಮಾತ್ರ.

ಬೆಲೆ ಬಯಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಗರದ್ದೇ ದಾಖಲೆಯಿದೆ. 2020ರ ಜುಲೈನಲ್ಲಿ ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಆವರಣದಲ್ಲಿ 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರ ಸಿದ್ಧವಾದಾಗ, ಹಾಸಿಗೆ ಸೆಟ್ಟಿಗೆ ದಿನಕ್ಕೆ ₹800 ಬಾಡಿಗೆ ಎಂಬ ಲೆಕ್ಕ ಹೊರಬಿತ್ತು. ಗಲಾಟೆಯಾದ ಮೇಲೆ, ಬಾಡಿಗೆ ಬೇಡ, ₹7,500ರಂತೆ ಕೊಂಡೇಬಿಡೋಣ ಎಂಬ ತೀರ್ಮಾನ ಬಂತು. ಹತ್ತು ದಿನದ ಬಾಡಿಗೆಯೇ ಖರೀದಿ ಬೆಲೆ ಮೀರುತ್ತಿತ್ತು! ಇದನ್ನು ಕಂಡುಹಿಡಿಯಲು ತಜ್ಞರೇನೂ ಬೇಕಾಗಲಿಲ್ಲ, ಅಂಕಿ ಜನರ ಕಣ್ಣಿಗೆ ಬಿದ್ದರೆ ಸಾಕಾಯಿತು.

ವೆಂಟಿಲೇಟರಿನ ವಿಷಯದಲ್ಲಿ ಅಂಥ ಸ್ಪಷ್ಟತೆ ಸಿಗಲಿಲ್ಲ. ಅದೇ ತಿಂಗಳು, ತಮಿಳುನಾಡು ₹4.78 ಲಕ್ಷಕ್ಕೆ ಕೊಂಡದ್ದನ್ನು ಕರ್ನಾಟಕ ₹18 ಲಕ್ಷದವರೆಗೂ ಕೊಟ್ಟು ಕೊಂಡಿದೆ ಎಂದು ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರು ಆರೋಪಿಸಿದರು. ಮಾದರಿಯೇ ಬೇರೆ, ಸೌಲಭ್ಯವೇ ಬೇರೆ ಎಂದು ಸಚಿವರು ಉತ್ತರಿಸಿದರು. ಇಬ್ಬರ ಮಾತನ್ನೂ ತೂಗಿ ನೋಡಲು ಬೇಕಾದದ್ದು ಮಾದರಿಯ ಹೆಸರು ಮತ್ತು ಇನ್‌ವಾಯ್ಸ್. ನಮ್ಮೂರಿನ ಯಂತ್ರಗಳ ಮಟ್ಟಿಗೆ ಅವೆರಡೂ ನಮಗೆ ಸಿಕ್ಕಿಲ್ಲ. ಅಂದು ‘ಲೆಕ್ಕ ಕೊಡಿ’ ಎಂದು ಅಭಿಯಾನ ಮಾಡಿದ ಪಕ್ಷವೇ 2023ರಲ್ಲಿ ಅಧಿಕಾರಕ್ಕೆ ಬಂತು. ಅವರನ್ನು ನಂಬಿ ನಾವೂ ಕಾದೆವು.

ಕೋವಿಡ್ ಖರೀದಿಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಅವರ ಆಯೋಗ 2024ರ ಆಗಸ್ಟ್ 31ರಂದು ಮೊದಲ ವರದಿ ಕೊಟ್ಟಿತು. ಚೀನಾ ಮೂಲದ 3 ಲಕ್ಷ ಪಿಪಿಇ ಕಿಟ್‌ಗಳ ಖರೀದಿಯ ಬಗ್ಗೆ ಕ್ರಮಕ್ಕೆ ಶಿಫಾರಸು ಮಾಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಎನ್-95 ಮಾಸ್ಕ್ ಮತ್ತು ಪಿಪಿಇ ಕಿಟ್ ಖರೀದಿಗೆ ಸಂಬಂಧಿಸಿ ವಿಧಾನಸೌಧ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ತಪ್ಪು ಯಾರದು ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ನಮ್ಮ ನೋವು ಬೇರೆ: ಆ ಮೊದಲ ವರದಿ ಬಂದಾಗ ಬಿಬಿಎಂಪಿಯ ಕೆಲವು ವಲಯಗಳ, ಜಿಲ್ಲೆಗಳ ಪರಿಶೀಲನೆ ಮುಂದಕ್ಕೆ ಉಳಿದಿತ್ತು. ದೊಡ್ಡ ಕಡತಗಳು ಪತ್ರಿಕೆಯ ಮುಖಪುಟಕ್ಕೆ ಬಂದವು, ಬಾಗಲೂರಿನ ಡಬ್ಬ ಡಬ್ಬವಾಗಿಯೇ ಉಳಿಯಿತು.

2020ರ ಮೇ ತಿಂಗಳಲ್ಲಿ, ಶ್ರೀ ಎಚ್.ಕೆ. ಪಾಟೀಲರು ಅಧ್ಯಕ್ಷರಾಗಿದ್ದಾಗ, ತಮ್ಮ ಸಮಿತಿಯ ಸ್ಥಳ ಪರಿಶೀಲನೆಯನ್ನೇ ಸಭಾಧ್ಯಕ್ಷರ ಸೂಚನೆಯ ಮೇರೆಗೆ ತಡೆಯಲಾಯಿತು. ಅಂದು ಸೋಂಕಿನ ನೆಪವಿತ್ತು. ಇಂದು ಅದಿಲ್ಲ. ಹೆಬ್ಬಾಳದ ಫ್ಲೈಓವರ್ ದಾಟುವುದೊಂದೇ ಕಷ್ಟ. ದಾಟಿದರೆ ಬಾಗಲೂರು ದೂರವಲ್ಲ. ಆದಕಾರಣ ನಮ್ಮ ಬೇಡಿಕೆಗಳು:

ಮೊದಲನೆಯದು, ಸಮಿತಿಯು ಖುದ್ದಾಗಿ ಬಂದು ಪಂಚನಾಮೆ ಮಾಡುವವರೆಗೆ ಈ ಉಪಕರಣಗಳ ಹರಾಜು, ಸ್ಥಳಾಂತರ, ಯಾವುದೂ ಆಗದಂತೆ ಆರೋಗ್ಯ ಇಲಾಖೆಗೆ ಕೂಡಲೇ ಪತ್ರ ಬರೆಯಬೇಕು. ಉಳಿದದ್ದೆಲ್ಲ ಇದರ ನಂತರ.

ಎರಡನೆಯದು, 2020ರ ಮಾರ್ಚ್‌ನಿಂದ ಈಚೆಗೆ ಕಲಂ 4ರ ವಿನಾಯಿತಿಯಲ್ಲಿ ಕೊಂಡ ಪ್ರತಿ ವೈದ್ಯಕೀಯ ಉಪಕರಣದ ಮಾದರಿ, ಬೆಲೆ, ಪೂರೈಕೆದಾರ, ತಲುಪಿದ ಆಸ್ಪತ್ರೆ ಮತ್ತು ಈಗಿನ ಸ್ಥಿತಿಯನ್ನು ತಾಲ್ಲೂಕುವಾರು ಪ್ರಕಟಿಸಬೇಕು. ಮುಂದೆ ಅಂಥ ಖರೀದಿಯ ಆದೇಶ 30 ದಿನದೊಳಗೆ ಸಾರ್ವಜನಿಕವಾಗದಿದ್ದರೆ ಬಿಲ್ ಪಾವತಿಯಾಗಬಾರದು. ಇದೇನೂ ಅಸಾಧ್ಯವಾದ ಗಡುವಲ್ಲ. ಕೋವಿಡ್ ಒಪ್ಪಂದಗಳನ್ನು ಇದೇ 30 ದಿನಗಳಲ್ಲಿ ಪ್ರಕಟಿಸದ ಬ್ರಿಟನ್ನಿನ ಆರೋಗ್ಯ ಸಚಿವರ ನಡೆಯನ್ನು 2021ರ ಫೆಬ್ರುವರಿಯಲ್ಲಿ ಅಲ್ಲಿನ ಹೈಕೋರ್ಟ್ ಕಾನೂನುಬಾಹಿರವೆಂದಿತು. ಡಿ’ಕುನ್ಹಾ ಆಯೋಗದ ವರದಿಗಳನ್ನು ಕ್ರಮದ ಟಿಪ್ಪಣಿ ಸಹಿತ ಪೂರ್ತಿಯಾಗಿ ಜನರ ಮುಂದಿಡಲು ಶಿಫಾರಸು ಮಾಡಬೇಕು.

ಮೂರನೆಯದು, ಯಂತ್ರಗಳಲ್ಲಿ ದುರಸ್ತಿಯಾಗುವಂಥವನ್ನು ಪಂಚನಾಮೆಯ ನಂತರ ಬಳಕೆಗೆ ತಂದು, ಅದಕ್ಕೊಬ್ಬ ಬಯೋಮೆಡಿಕಲ್ ತಂತ್ರಜ್ಞರನ್ನು ನೇಮಿಸಬೇಕು. ಡಿಪ್ಲೊಮಾ ಮುಗಿಸಿ ಮನೆಯಲ್ಲಿರುವ ಅರ್ಹ ಯುವಕರು ನಮ್ಮ ಹೋಬಳಿಯಲ್ಲೇ ಇದ್ದಾರೆ. ಸಹಿದಾರರ ಕುಟುಂಬಗಳಲ್ಲೂ ಇದ್ದಾರೆ. ಸ್ಥಳೀಯರಿಗೆ ಆದ್ಯತೆ ಕೊಡಬೇಕು.

ಇದಲ್ಲದೆ, ಎರಡನೇ ಅಲೆಯ ವೇಳೆ ಅಧಿಕಾರಿಗಳ ಬಾಯಿಮಾತಿನ ಮೇಲೆ ಸಿಲಿಂಡರ್ ಸಾಗಿಸಿದ ಬಾಗಲೂರು ಕ್ರಾಸಿನ ಸಹಿದಾರರೊಬ್ಬರಿಗೆ ಕಾರ್ಯಾದೇಶವಿಲ್ಲವೆಂದು ಇಂದಿಗೂ ಬಿಲ್ ಆಗಿಲ್ಲ. ಕೋಟಿಗಳ ವ್ಯವಹಾರಕ್ಕೆ ಅಡ್ಡಬಾರದ ಕಾಗದ ಟೆಂಪೊ ಬಾಡಿಗೆಗೆ ಮಾತ್ರ ಅಡ್ಡ ಬಂದಿದೆ. ಅವರ ಹಣ ಕೊಡಿಸಬೇಕು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನಮ್ಮಲ್ಲಿ ಇಬ್ಬರನ್ನು ನಾಮನಿರ್ದೇಶನ ಮಾಡಿದರೆ ಉಪಕರಣಗಳ ಮೇಲೆ ನಿಗಾ ಇಡಲು ಅನುಕೂಲ.

ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಕಸದ ಲಾರಿಗಳಿಂದ ಆಂಬುಲೆನ್ಸ್‌ಗೆ ಆಗುವ ತೊಂದರೆ, ರಾತ್ರಿ ಬಸ್ಸಿನ ಕೊರತೆ, ಆಸ್ಪತ್ರೆಯ ಮುಂದಿನ ಕೆಟ್ಟುಹೋದ ದೀಪ, ಕುಡಿಯುವ ನೀರು, ಇವುಗಳ ಕಡೆಗೂ ಗಮನ ಹರಿಸಬೇಕಾಗಿ ವಿನಂತಿ.

ಸಮಿತಿಯ ಮುಂದಿನ ಸಭೆಗೆ ಮುನ್ನ ಲಿಖಿತ ಉತ್ತರ ಬಾರದಿದ್ದಲ್ಲಿ, ಹರಾಜಿನ ದಿನ ಸ್ಟೋರ್ ಕೋಣೆಯ ಬಾಗಿಲಲ್ಲಿ ಶಾಂತಿಯುತವಾಗಿ ಕೂರುವುದಾಗಿ ಮುಂಚಿತವಾಗಿಯೇ ತಿಳಿಸುತ್ತಿದ್ದೇವೆ.


ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತಿಸಿದೆ)

ಪ್ರತಿ: ಪ್ರಧಾನ ಕಾರ್ಯದರ್ಶಿ, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಪ್ರಧಾನ ಮಹಾಲೇಖಪಾಲರು, ಬೆಂಗಳೂರು, ಆಸ್ಪತ್ರೆಯ ಆಡಳಿತಾಧಿಕಾರಿಗಳು (ಮುದ್ದಾಂ ತಲುಪಿಸಿ, ಸ್ವೀಕೃತಿ ಪಡೆಯಲಾಗುವುದು).