ಅಗಲ ಟೈರು ಬೇಡ, ಅಂಗಳ ಬೇಕು

ಹಬ್ಬ ಬಂತಂದ್ರೆ ನಮ್ಮ ಕಡೆ ರಸ್ತೆಯಲ್ಲಿ ಮೊದಲು ಕಾಣೋದು ಟೈರು, ಆಮೇಲೆ ಕಾರು. ಹೈದರಾಬಾದಿನಿಂದ ತಾಂಡೂರು ದಾಟಿ ಸೇಡಂಗೋ ಚಿಂಚೋಳಿಗೋ ಬರೋ ಸ್ವಿಫ್ಟು, ಬೆಂಗಳೂರಿನಿಂದ ವಾಡಿ, ಶಹಾಬಾದ್ ಕಡೆ ಬರೋ ಐ20, ಎಲ್ಲಕ್ಕೂ ಬಾಡಿಯಿಂದ ಹೊರಗೆ ಇಣುಕುವ ರಬ್ಬರು, ಹದಿನೇಳು ಇಂಚಿನ ಕರಿ ಅಲಾಯ್, ಹಿಂದಿನ ಗಾಜಿನ ಮೇಲೆ ರೇಸಿಂಗ್ ಸ್ಟಿಕರ್. ಮಾಲೀಕ ನಿಮ್ಮ ನಮ್ಮಂಥವನೇ. ಐಟಿ ನೌಕರಿ, ತಿಂಗಳಿಗೊಂದು ಇಎಂಐ, ಫೋನ್ ತುಂಬ ಆಟೋಕ್ರಾಸ್ ವಿಡಿಯೊ. ಯಾಕಪ್ಪಾ ಇಷ್ಟು ಅಗಲ ಅಂತ ಕೇಳಿದ್ರೆ ಒಂದೇ ಮಾತು: "ಅಣ್ಣಾ, ಗಾಡಿ ಈಗ ರೋಡಿಗೆ ಅಂಟಕೊಂಡು ಓಡ್ತದ ನೋಡ್ರಿ."

ಈ ಮಾತು ಅರ್ಧ ಸುಳ್ಳು. ನಮ್ಮ ರಸ್ತೆಗಳ ಮಟ್ಟಿಗಂತೂ ಪೂರ್ತಿ ಸುಳ್ಳು. ಇದನ್ನ ಓದುವವರಲ್ಲಿ ಎಂಜಿನಿಯರಿಂಗ್ ಮಾಡಿದವರೇ ಜಾಸ್ತಿ ಇರ್ತೀರಿ, ಲೆಕ್ಕ ನೀವೇ ತಾಳೆ ನೋಡ್ಕೊಳ್ರಿ.

ಸ್ವಿಫ್ಟಿನ ತೂಕ ಸುಮಾರು 900 ಕಿಲೊ. ನಾಲ್ಕು ಚಕ್ರಕ್ಕೆ ಹಂಚಿದ್ರೆ ಒಂದಕ್ಕೆ 225 ಕಿಲೊ. ಮುಂದೆ ಸ್ವಲ್ಪ ಜಾಸ್ತಿ, ಹಿಂದೆ ಸ್ವಲ್ಪ ಕಡಿಮೆ, ಅದು ಇರಲಿ. ಟೈರಿನಲ್ಲಿ 30 ಪಿಎಸ್‌ಐ ಹವಾ ಇದ್ದರೆ ಪ್ರತಿ ಚದರ ಸೆಂಟಿಮೀಟರು ಹೊರುವ ಭಾರ ಸುಮಾರು 2.1 ಕಿಲೊ. ಭಾಗಾಕಾರ ಮಾಡ್ರಿ: ನೆಲ ಮುಟ್ಟೋ ರಬ್ಬರು ಸುಮಾರು 107 ಚದರ ಸೆಂಟಿಮೀಟರ್. ಒಂದು ಅಂಗೈಯಷ್ಟು. 165ರ ಟೈರ್ ಹಾಕಿದ್ರೂ ಹೆಚ್ಚುಕಡಿಮೆ ಅಷ್ಟೇ, 205 ಹಾಕಿದ್ರೂ ಹೆಚ್ಚುಕಡಿಮೆ ಅಷ್ಟೇ. ಬದಲಾಗೋದು ಆ ಅಂಗೈಯ ಆಕಾರ. ಉದ್ದಕ್ಕಿದ್ದದ್ದು ಅಡ್ಡಕ್ಕೆ ಬರ್ತದೆ.

ಒಣಗಿದ, ನುಣುಪಾದ ಡಾಂಬರಿನ ತಿರುವಿನಲ್ಲಿ ಆ ಅಡ್ಡ ಆಕಾರದಿಂದ ಲಾಭ ಉಂಟು, ಒಪ್ತೀನಿ. ಮೆತ್ತನೆಯ ರಬ್ಬರ್ ಆದರೆ ಇನ್ನೂ ಲಾಭ. ಆದರೆ ಹಿಡಿತದ ಬಹುಪಾಲನ್ನು ಕೊಡೋದು ರಬ್ಬರಿನ ಗುಣ. ಗಟ್ಟಿ ರಬ್ಬರಿನ ಅಗ್ಗದ 205ಕ್ಕಿಂತ ಒಳ್ಳೆ ರಬ್ಬರಿನ 185 ಯಾವಾಗಲೂ ಮೇಲು. ಅಂಗಡಿಯವರು ಮಾತ್ರ ಮಾರೋದು ಅಗಲವನ್ನೇ. ಯಾಕಂದ್ರೆ ಅಗಲ ಕಣ್ಣಿಗೆ ಕಾಣ್ತದೆ, ಗುಣ ಕಾಣಂಗಿಲ್ಲ.

ಇನ್ನು ಆಟೋಕ್ರಾಸ್ ವಿಷಯ. ಒಂದು ಬಂದೋಬಸ್ತಾದ ಮೈದಾನ, ಅದರಲ್ಲಿ ಕೋನ್ ಇಟ್ಟು ಗುರುತು ಮಾಡಿದ ಸುತ್ತುಬಳಸು ದಾರಿ, ಗಡಿಯಾರದ ವಿರುದ್ಧ ಓಟ. ವೇಗ ಕಡಿಮೆ, ತಿರುವು ಜಾಸ್ತಿ. ಅಮೆರಿಕದಲ್ಲಿ ಇದನ್ನ ದೊಡ್ಡ ಪಾರ್ಕಿಂಗ್ ಜಾಗದಲ್ಲಿ, ಹಳೇ ವಿಮಾನ ಪಟ್ಟಿಗಳಲ್ಲಿ ಆಡ್ತಾರೆ, ನೆಲ ಡಾಂಬರು ಅಥವಾ ಕಾಂಕ್ರೀಟು. ನೀವು ಫೋನಿನಲ್ಲಿ ನೋಡೋ ಅಗಲ ಟೈರಿನ ವಿಡಿಯೊಗಳು ಬಹಳಷ್ಟು ಅಲ್ಲಿಯವು. ನಮ್ಮ ದೇಶದಲ್ಲಿ ಆಟೋಕ್ರಾಸ್ ಹೆಚ್ಚಾಗಿ ನಡೆಯೋದು ಮಣ್ಣಿನ ಮೇಲೆ. ಮಣ್ಣಿನ ಲೆಕ್ಕವೇ ಬೇರೆ. ಮೇಲಿನ ಸಡಿಲ ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯಬೇಕು. ಕಿರಿದಾದ ಟೈರು ಸೀಳ್ತದೆ, ಅಗಲದ್ದು ಮೇಲೆಯೇ ತೇಲ್ತದೆ.

ನನ್ನ ಮಾತು ಬೇಡ, ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಕಾರು ನೋಡ್ರಿ. ದುಡ್ಡಿಗೆ ಬರ ಇಲ್ಲದ, ಎಷ್ಟು ಅಗಲ ಬೇಕಾದರೂ ಹಾಕಬಲ್ಲ ಮಂದಿ ಅವರು. ಡಾಂಬರಿನ ರ‍್ಯಾಲಿಗೆ 235 ಅಗಲದ, 18 ಇಂಚಿನ ಟೈರು ಹಾಕ್ತಾರೆ. ಅದೇ ಕಾರು ಮಣ್ಣಿಗೆ ಇಳಿದಾಗ 205 ಅಗಲ, 15 ಇಂಚು, ಎತ್ತರದ ಪಕ್ಕೆಯ ಟೈರು. ನೆಲ ಕೆಟ್ಟಷ್ಟೂ ಅವರು ಟೈರು ಕಿರಿದು ಮಾಡ್ತಾರೆ. ಚಿತ್ತಾಪುರದ ಎರೆ ಮಣ್ಣಿನ ನಡುವೆ, ಚಿಂಚೋಳಿಯ ಕೆಂಪು ಗರಸಿನ ಮೇಲೆ ಓಡಿಸೋ ನಾವು ಟೈರು ಅಗಲ ಮಾಡ್ತೀವಿ.

ಈಗ ಪಕ್ಕೆಯ ಲೆಕ್ಕ. ಸ್ವಿಫ್ಟಿನ ಕೆಳಗಿನ ಮಾದರಿಗೆ ಕಂಪನಿ ಕೊಡೋದು 165/80 ಆರ್ 14. ಅಂದ್ರೆ ರಿಮ್ಮಿಗೂ ನೆಲಕ್ಕೂ ನಡುವೆ 132 ಮಿಲಿಮೀಟರ್ ರಬ್ಬರು ಮತ್ತು ಹವಾ. ಹದಿನೇಳು ಇಂಚಿನ ಅಲಾಯಿಗೆ 205/45 ಹಾಕಿದ್ರೆ ಉಳಿಯೋದು 92. ನಾಲ್ಕು ಸೆಂಟಿಮೀಟರ್ ಮೆತ್ತೆ ಕಿತ್ತು ಒಗೆದಂಗಾಯ್ತು. ಯಾವ ಊರಲ್ಲಿ? ಸಿಮೆಂಟ್ ಬಲ್ಕರು, ಸುಣ್ಣಕಲ್ಲಿನ ಟಿಪ್ಪರು ಹಗಲೂ ರಾತ್ರಿ ಓಡಿ ಡಾಂಬರು ಕಿತ್ತುಹೋದ ವಾಡಿ, ಸೇಡಂ, ಮಳಖೇಡದ ದಾರಿಯಲ್ಲಿ. ಫರ್ಸಿ ಕಲ್ಲಿನ ಚೂರು ಲಾರಿಯಿಂದ ಉದುರೋ ಶಹಾಬಾದಿನ ದಾರಿಯಲ್ಲಿ. ತಗ್ಗಿಗೆ ಬಿದ್ದರೆ ಪೆಟ್ಟು ಸೀದಾ ರಿಮ್ಮಿಗೆ. ಅಲಾಯ್ ಸೀಳ್ತದೆ, ಇಲ್ಲ ಟೈರಿನ ಪಕ್ಕೆ ಉಬ್ಬುತ್ತದೆ. ಉಬ್ಬಿದ ಟೈರಿಗೆ ಪಂಚರ್ ಅಂಗಡಿಯವರು ಏನೂ ಮಾಡಲಾರರು, ಬಿಸಾಕಬೇಕು.

ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಅಗಲ ಟೈರು ಮುಂದೆ ಜಾಸ್ತಿ ನೀರು ತಳ್ಳಬೇಕು. ತಳ್ಳಲಾಗದಿದ್ದರೆ ನೀರಿನ ಮೇಲೆ ತೇಲ್ತದೆ, ಆಗ ಸ್ಟೇರಿಂಗು ಇದ್ದೂ ಇಲ್ಲದಂಗೆ. ನಮ್ಮಲ್ಲಿ ಮೊದಲ ಮಳೆಗೆ ರಸ್ತೆ ಮೇಲೆ ಹರಿಯೋದು ಬರೀ ನೀರಲ್ಲ. ಸಿಮೆಂಟ್ ಧೂಳು, ಹಾರುಬೂದಿ, ಕಲ್ಲು ಪಾಲಿಶ್ ಮಾಡಿದ ಬಿಳಿ ಕೆಸರು ಎಲ್ಲ ಕಲಸಿದ ರಾಡಿ.

ಕೆಲವರು ರಿಮ್ ಬದಲಿಸದೆ ಟೈರಷ್ಟೇ ದಪ್ಪ ಮಾಡ್ತಾರೆ. 185/65 ಆರ್ 15 ಇದ್ದ ಜಾಗಕ್ಕೆ 205/65 ಆರ್ 15. ಇದರಿಂದ ಚಕ್ರದ ಒಟ್ಟು ಎತ್ತರ 621 ಮಿಲಿಮೀಟರಿನಿಂದ 647ಕ್ಕೆ ಏರ್ತದೆ. ಸ್ಪೀಡೋಮೀಟರ್ ತೋರಿಸೋ ಲೆಕ್ಕ ಶೇಕಡಾ 4ರಷ್ಟು ಹಿಂದೆ ಬೀಳ್ತದೆ. ಸ್ಟೇರಿಂಗ್ ಭಾರ, ಮೈಲೇಜು ಕಡಿಮೆ, ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜೋ ಸದ್ದು ಬೇರೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ನಾಳೆ ಅಪಘಾತ ಆದರೆ ವಿಮೆಯವರಿಗೆ ತಕರಾರು ತೆಗೆಯಲು ನೀವೇ ಎಳೆ ಕೊಟ್ಟಂಗೆ.

ಇಷ್ಟೇ ಆಗಿದ್ದರೆ ನಿಮ್ಮ ದುಡ್ಡು, ನಿಮ್ಮ ಗಾಡಿ ಅಂತ ಸುಮ್ಮನಿರಬಹುದಿತ್ತು. ನನ್ನ ಸಿಟ್ಟು ಇರೋದು ಮುಂದಿನದರ ಮೇಲೆ. ಅಗಲ ಟೈರು ಹಾಕಿದವನಿಗೆ ಅದರ ಹಿಡಿತ ಪರೀಕ್ಷೆ ಮಾಡಬೇಕು ಅನ್ನಿಸ್ತದೆ. ಎಲ್ಲಿ ಮಾಡ್ತಾನೆ? ಸೇಡಂ-ಚಿಂಚೋಳಿ ರಸ್ತೆಯಲ್ಲಿ, ಬೆಳಗಿನ ಜಾವ, ಗೆಳೆಯನ ಕೈಯಲ್ಲಿ ಫೋನ್ ಕೊಟ್ಟು. ಅದೇ ರಸ್ತೆ ಮೇಲೆ ರೈತ ಜೋಳವನ್ನೋ ತೊಗರಿಯನ್ನೋ ಹರಡಿರ್ತಾನೆ, ಓಡಾಡೋ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡಲಿ ಅಂತ. ಒಣ ಸಿಪ್ಪೆಯ ಮೇಲೆ 165ರ ಟೈರೂ ಜಾರ್ತದೆ, 205ರದ್ದೂ ಜಾರ್ತದೆ. ಅಲ್ಲೇ ಪಕ್ಕದಲ್ಲಿ ಕಾಳು ಆರಿಸ್ತಾ ಕೂತ ಅವ್ವ, ಶಾಲೆ ಬ್ಯಾಗಿನ ಮಕ್ಕಳು, ಕುರಿ ಹಿಂಡು.

ರೈತನಿಗೆ ಬೈಯೋದು ಸುಲಭ. ಆದರೆ ಒಂದು ಕಾಲಕ್ಕೆ ಅವನಿಗೆ ಸೆಗಣಿ ಸಾರಿಸಿದ ಕಣ ಇತ್ತು, ರಾಶಿ ಅಲ್ಲೇ ಆಗ್ತಿತ್ತು. ಕಣ ಹೋಯ್ತು, ಅವನು ರಸ್ತೆಗೆ ಬಂದ. ಓಡಿಸೋ ಹುಡುಗನಿಗೆ ಕಣ ಯಾವತ್ತೂ ಇರಲೇ ಇಲ್ಲ, ಅವನೂ ರಸ್ತೆಗೇ ಬಂದ. ಇಬ್ಬರಿಗೂ ಬೇಕಾಗಿದ್ದು ಒಂದು ಅಂಗಳ. ಅದು ಸಿಗದೆ ಇಬ್ಬರೂ ಒಂದೇ ಡಾಂಬರಿನ ಮೇಲೆ ಎದುರಾಗ್ತಾರೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳ್ತದೆ.

ಹಂಗಾದ್ರೆ ರೇಸಿಂಗ್ ಆಸೆ ಬಿಟ್ಟುಬಿಡಬೇಕಾ? ಬಿಡಬ್ಯಾಡ್ರಿ. ಜಾಗ ಬದಲಾಯಿಸ್ರಿ. ಚೆನ್ನೈ ಹತ್ತಿರದ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನ ಪಟ್ಟಿ ಮೇಲೆ ದಶಕಗಟ್ಟಲೆ ರೇಸ್ ನಡೀತು. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬಂದದ್ದು 1990ರಲ್ಲಿ, ಅದಕ್ಕಿಂತ ಬಹಳ ಮುಂಚೆಯೇ ಆ ಊರಿನವರು ರೇಸ್ ಕಲಿತಿದ್ದರು. ಆಟೋಕ್ರಾಸಿಗಂತೂ ಟ್ರ್ಯಾಕೇ ಬೇಡ. ಸಮತಟ್ಟಾದ ಜಾಗ, ಮೂವತ್ತು-ನಲವತ್ತು ಕೋನು, ಹೆಲ್ಮೆಟ್ಟು, ಸಮಯ ಅಳೆಯೋ ಯಂತ್ರ, ಜನರನ್ನ ದೂರ ನಿಲ್ಲಿಸೋ ಹಗ್ಗ, ಬೆಂಕಿ ಆರಿಸೋ ಸಿಲಿಂಡರು, ಒಂದು ಆಂಬುಲೆನ್ಸು. ನಿಯಮ ಹೇಳಿಕೊಡಲು ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಇದೆ. ಕೆ-1000 ರ‍್ಯಾಲಿ ನಡೆಸೋ ಕ್ಲಬ್ಬು ನಮ್ಮ ರಾಜ್ಯದಲ್ಲೇ ಇದೆ.

ಕಾನೂನಿನಲ್ಲೂ ಬಾಗಿಲು ಇದೆ. ಸಾರ್ವಜನಿಕ ಜಾಗದಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡಿದ್ರೆ 189ನೇ ಕಲಮಿನಡಿ ಮೊದಲ ಸಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ಲಿಖಿತ ಒಪ್ಪಿಗೆ ಇಲ್ಲದೆ" ಅನ್ನೋ ಮಾತನ್ನ ಗಮನಿಸ್ರಿ. ಕೇಳಿ ಪಡೆಯೋಕೆ ದಾರಿ ಇದೆ ಅಂತ ಅರ್ಥ. ನಮ್ಮಲ್ಲಿ ಎಷ್ಟು ಜನ ಒಂದು ಅರ್ಜಿ ಬರೆದೀವಿ?

ಜಾಗಕ್ಕೇನು ಬರ? ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲ ಕಡೆ ಸಿಮೆಂಟ್ ಕಾರ್ಖಾನೆ, ಲಾರಿ ನಿಲ್ಲಿಸೋ ದೊಡ್ಡ ದೊಡ್ಡ ಯಾರ್ಡು. ಈ ನೆಲ ಅಗೆದು ದೇಶಕ್ಕೆಲ್ಲ ಸಿಮೆಂಟ್ ಕಳಿಸ್ತಾರೆ, ಶಹಾಬಾದಿನ ಕಲ್ಲು ಎಲ್ಲೆಲ್ಲೋ ಮನೆ ಅಂಗಳಕ್ಕೆ ಹಾಸಾಗ್ತದೆ. ಇಲ್ಲಿಯ ಹುಡುಗರಿಗೆ ತಿಂಗಳಿಗೊಂದು ಭಾನುವಾರ ಒಂದು ಯಾರ್ಡು ಬಿಟ್ಟುಕೊಡೋದು ದೊಡ್ಡ ಮಾತಲ್ಲ. "ಕುಡಿಯೋ ನೀರಿಗೇ ಗತಿ ಇಲ್ಲದ ಕಡೆ ರೇಸ್ ಯಾಕ್ರೀ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಗಣಿಯಿಂದ ಬರೋ ದುಡ್ಡು ನೀರಿಗೇ ಹೋಗಲಿ, ಆಸ್ಪತ್ರೆಗೇ ಹೋಗಲಿ, ಅದರಲ್ಲಿ ಒಂದು ಪೈಸೆಯೂ ರೇಸಿಗೆ ಬೇಡ. ಕೇಳ್ತಿರೋದು ಖಾಲಿ ಬಿದ್ದ ನೆಲ, ಒಂದು ದಿನ. ಅದೇ ಯಾರ್ಡು ರಾಶಿ ಕಾಲದಲ್ಲಿ ರೈತರಿಗೂ ಕಣ ಆಗಲಿ, ಬೇಡ ಅಂದವರ್ಯಾರು?

ಅಲ್ಲಿಯವರೆಗೆ ಅಲಾಯಿಗೆ ಸುರಿಯೋ ಆ ಐವತ್ತು-ಅರವತ್ತು ಸಾವಿರ ಕೈಯಲ್ಲಿರಲಿ. ನಿಮ್ಮದೇ ಮಾದರಿಗೆ ಕಂಪನಿ ಕೊಟ್ಟ ಸೈಜಿನಲ್ಲಿ ಒಳ್ಳೆ ರಬ್ಬರಿನ ನಾಲ್ಕು ಟೈರು ತಗೊಳ್ರಿ. ತಗೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದ್ರಿ: 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಹವಾ ನೋಡ್ರಿ, ನಮ್ಮ ಮೇ ತಿಂಗಳ ಬಿಸಿಲಿಗೆ ಐದಾರು ಡಿಗ್ರಿಗೆ ಒಂದು ಪಿಎಸ್‌ಐ ಏರ್ತದೆ. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿಯೋ ಮುಂಚೆ ಬದಲಿಸ್ರಿ. ಹಿಂದೆ ಕೂತ ಅಪ್ಪ-ಅವ್ವನಿಗೂ ಬೆಲ್ಟ್ ಹಾಕಿಸ್ರಿ. ಉಳಿದ ದುಡ್ಡಿನಲ್ಲಿ ಒಂದು ಹೆಲ್ಮೆಟ್, ಇಪ್ಪತ್ತು ಕೋನು.

ಇನ್ನುಳಿದದ್ದು ಅರ್ಜಿ. ಊರಿಗೊಬ್ಬರಂತೆ ಐದು ಊರಿಂದ ಐದು ಮಂದಿ ಸೇರಿದ್ರೂ ಸಾಕು. ಕಲಬುರಗಿಯ ಜಿಲ್ಲಾಧಿಕಾರಿಗಳ ಕಚೇರಿ ಸೋಮವಾರ ತೆರೆದಿರ್ತದೆ. ಹಬ್ಬದ ರಜೆಯಲ್ಲಿ ಒಂದು ದಿನ ಹೆಚ್ಚಿಗೆ ಹಾಕ್ರಿ, ಹೋಗಿ ಕೊಟ್ಟು ಬರೋಣ.