ಫೋನಿನ ಬೆಲೆ ಕೇಳುವಾಗ ಯಾರ ದುಡಿಮೆ ಎಂದೂ ಕೇಳೋಣ

ಗಲ್ಫಿನಿಂದ ಮಗನೋ ಅಣ್ಣನೋ ಊರಿಗೆ ಬರುವ ದಿನ ಗೊತ್ತಾದರೆ ಸಾಕು, ನಮ್ಮ ಮನೆಗಳಲ್ಲಿ ಪಟ್ಟಿ ತಯಾರಾಗುತ್ತದೆ. ಹಿಂದೆ ಆ ಪಟ್ಟಿಯಲ್ಲಿ ಸೆಂಟು, ಟಾರ್ಚು, ಕಂಬಳಿ, ಟ್ಯಾಂಗ್ ಇರುತ್ತಿತ್ತು. ಈಗ ಪಟ್ಟಿ ಗಿಡ್ಡವಾಗಿದೆ, ಲೆಕ್ಕ ಮಾತ್ರ ಉದ್ದವಾಗಿದೆ. "ಇಚ್ಚಾ, ಬರುವಾಗ ಪ್ರೊ ಮ್ಯಾಕ್ಸ್ ತರ್ತೀರಲ್ವಾ?" ಅಂತ ತಮ್ಮ ಕೇಳುತ್ತಾನೆ. ಇಲ್ಲ ಎನ್ನಲು ಅಣ್ಣನಿಗೆ ಬಾಯಿ ಬರುವುದಿಲ್ಲ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಅವನ ಬ್ಯಾಗಿನಲ್ಲಿ ಹೊಸ ಪೆಟ್ಟಿಗೆ ಇರುತ್ತದೆ, ಕಿಸೆಯಲ್ಲಿ ಅವನದೇ ಗಾಜು ಒಡೆದ ಹಳೆಯ ಫೋನು ಇರುತ್ತದೆ. ಈ ಎರಡೂ ಫೋನನ್ನು ಒಟ್ಟಿಗೆ ನೋಡಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೇವೆ. ಆದರೂ ಅದರ ಬಗ್ಗೆ ಮಾತಾಡಿದ್ದು ಕಡಿಮೆ.

ಒಳ್ಳೆಯ ಫೋನು ಬೇಡ ಎಂದು ನಾವು ಹೇಳುತ್ತಿಲ್ಲ. ಅಂಗಡಿಯ ಯುಪಿಐ, ಮಕ್ಕಳ ಪಾಠ, ಬ್ಯಾಂಕು, ದೂರ ಇರುವವರ ಮುಖ ನೋಡುವುದು ಎಲ್ಲವೂ ಈಗ ಅದರಲ್ಲೇ. ನಾಲ್ಕು ತಿಂಗಳಿಗೆ ಹ್ಯಾಂಗ್ ಆಗುವ ಅಗ್ಗದ ಫೋನು ಕೊಂಡು ಮತ್ತೆ ಮತ್ತೆ ದುಡ್ಡು ಕಳೆಯುವುದಕ್ಕಿಂತ ಬಾಳಿಕೆ ಬರುವ ಒಂದನ್ನು ಕೊಳ್ಳುವುದು ಬುದ್ಧಿವಂತಿಕೆ. ನಮ್ಮ ತಕರಾರು ಇರುವುದು ಆಯ್ಕೆ ಮಾಡುವ ರೀತಿಯ ಬಗ್ಗೆ. ಮದರಂಗಿಯ ಬಟ್ಟೆ ತೆಗೆಯಲು ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಲಕ್ಷದ ಫೋನನ್ನು ಮಾತ್ರ ಹೆಸರು ನೋಡಿ ತೆಗೆಯುತ್ತೇವೆ.

ಮೊದಲು ಹೆಸರಿನ ಹಿಂದೆ ಏನುಂಟು ನೋಡೋಣ. 2025ರ ಸೆಪ್ಟಂಬರಿನಲ್ಲಿ ಬಂದ ಐಫೋನ್ 17ರ ಬೆಲೆ ಬಿಡುಗಡೆಯ ಹೊತ್ತಿಗೆ ನಮ್ಮ ದೇಶದಲ್ಲಿ 82,900 ರೂಪಾಯಿ ಇತ್ತು, 17 ಪ್ರೊಗೆ 1,34,900. ವ್ಯತ್ಯಾಸ 52 ಸಾವಿರ. ಎರಡರಲ್ಲೂ 256 ಜಿಬಿ ಜಾಗ ಉಂಟು, ಪರದೆ ಎರಡರಲ್ಲೂ 6.3 ಇಂಚು, ಎದುರಿನ ಕ್ಯಾಮೆರಾವೂ ಒಂದೇ. ಹಿಂದಿನ ವರ್ಷಗಳಲ್ಲಿ ಪ್ರೊ ಫೋನಿಗೆ ಮಾತ್ರ ಸಿಗುತ್ತಿದ್ದ ನುಣುಪಾಗಿ ಓಡುವ 120 ಹರ್ಟ್ಸ್ ಪರದೆ ಈಗ ಸಾದಾ ಫೋನಿಗೂ ಬಂದಿದೆ. ಪ್ರೊದಲ್ಲಿ ಹೆಚ್ಚಾಗಿ ಸಿಗುವುದು ದೂರದ್ದನ್ನು ಹತ್ತಿರ ತರುವ ಮೂರನೆಯ ಕ್ಯಾಮೆರಾ ಮತ್ತು ಇನ್ನೂ ಸ್ವಲ್ಪ ಬಲದ ಚಿಪ್. ಸ್ಯಾಮ್‌ಸಂಗ್ ಕಡೆಯೂ ಹೀಗೆಯೇ. 2025ರ ಗ್ಯಾಲಕ್ಸಿ ಎಸ್25 ಬಿಡುಗಡೆಯಾದದ್ದು 80,999ಕ್ಕೆ, ಅಲ್ಟ್ರಾ 1,29,999ಕ್ಕೆ. ಎರಡಕ್ಕೂ ಒಂದೇ ಚಿಪ್, ಎರಡಕ್ಕೂ 12 ಜಿಬಿ ರ‍್ಯಾಮ್. ಅಲ್ಟ್ರಾಗೆ ದೊಡ್ಡ ಪರದೆ, ಬರೆಯುವ ಪೆನ್ನು, 200 ಮೆಗಾಪಿಕ್ಸೆಲ್ ಕ್ಯಾಮೆರಾ.

ಮದುವೆ ವಿಡಿಯೊ ತೆಗೆದು ಹೊಟ್ಟೆ ಹೊರೆಯುವ ಹುಡುಗನಿಗೆ ಆ ಕ್ಯಾಮೆರಾ ಬಂಡವಾಳ. ಅವನು ಕೊಳ್ಳಲಿ. ವಾಟ್ಸ್ಆ್ಯಪ್, ಯೂಟ್ಯೂಬ್, ರೀಲ್ಸ್ ನೋಡುವ ನಮಗೆ ಈ 50 ಸಾವಿರ ಎಂತಕ್ಕೆ? ಮೆಗಾಪಿಕ್ಸೆಲ್ ಎಣಿಸಿ ಮರುಳಾಗುವುದೂ ಬೇಡ. 200 ಮೆಗಾಪಿಕ್ಸೆಲಿನ ಕ್ಯಾಮೆರಾ ಕೂಡ ಸಾಮಾನ್ಯವಾಗಿ ಹಲವು ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸಿ 12 ಮೆಗಾಪಿಕ್ಸೆಲಿನ ಚಿತ್ರವನ್ನೇ ಕೊಡುತ್ತದೆ. ಅದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಇನ್ನಷ್ಟು ಸಣ್ಣದಾಗುತ್ತದೆ.

ಹೋಲಿಸಲೇಬೇಕಾದ ವಿಷಯ ಬೇರೆ ಉಂಟು. ಎಷ್ಟು ವರ್ಷ ಬಾಳುತ್ತದೆ? ಫೋನಿನ ಆಯುಷ್ಯ ಈಗ ಸಾಫ್ಟ್‌ವೇರ್ ಅಪ್‌ಡೇಟ್ ಮೇಲೆ ನಿಂತಿದೆ. ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಟ್ಟುಕೊಳ್ಳುವುದು ಬೀಗ ಇಲ್ಲದ ಕಪಾಟಿನಲ್ಲಿ ಚಿನ್ನ ಇಟ್ಟ ಹಾಗೆ. ಗೂಗಲ್ ತನ್ನ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ತನ್ನ ಎಸ್24 ಸಾಲಿನಿಂದ ಏಳು ವರ್ಷದ ಅಪ್‌ಡೇಟ್ ಕೊಡುವುದಾಗಿ ಮಾತು ಕೊಟ್ಟಿವೆ. 2019ರ ಐಫೋನ್ 11ಕ್ಕೆ 2025ರ ಹೊಸ ಸಾಫ್ಟ್‌ವೇರ್ ಕೂಡ ಸಿಕ್ಕಿದೆ. ಅಂದರೆ ಒಳ್ಳೆಯ ಫೋನನ್ನು ಐದು ವರ್ಷ ಆರಾಮವಾಗಿ ಬಳಸಬಹುದು. 82,900ರ ಫೋನನ್ನು ಐದು ವರ್ಷ ಬಳಸಿದರೆ ವರ್ಷಕ್ಕೆ 16,580 ಬಿತ್ತು. 1,34,900ರದ್ದನ್ನು ಎರಡೇ ವರ್ಷಕ್ಕೆ ಬದಲಿಸಿದರೆ ಮಾರಿ ಬಂದದ್ದನ್ನು ಕಳೆಯುವ ಮೊದಲು ವರ್ಷಕ್ಕೆ 67,450. ಮಗುವಿನ ಕಾಲೇಜು ಫೀಸಿನ ಪಕ್ಕದಲ್ಲಿ ಇಟ್ಟು ನೋಡಬೇಕಾದ ಅಂಕಿ ಇದು.

ಇನ್ನು "ದುಬೈಯಲ್ಲಿ ಅಗ್ಗ" ಎಂಬ ನಮ್ಮ ಹಳೆಯ ನಂಬಿಕೆ. ದಿರ್ಹಮಿಗೆ 24 ರೂಪಾಯಿ ಹಿಡಿದು ಲೆಕ್ಕ ಹಾಕಿ. ಐಫೋನ್ 17 ಅಲ್ಲಿ 3,399 ದಿರ್ಹಮಿಗೆ ಬಂತು, ಅಂದರೆ ಸುಮಾರು 81,500 ರೂಪಾಯಿ. ಇಲ್ಲಿನ ಬಿಡುಗಡೆ ಬೆಲೆಗೂ ಅದಕ್ಕೂ ಹೆಚ್ಚು ಅಂತರ ಇರಲಿಲ್ಲ. ಪ್ರೊದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಉಳಿಯುತ್ತಿತ್ತು, ನಿಜ. ಆದರೆ ಪೆಟ್ಟಿಗೆ ಒಡೆಯದ ಹೊಸ ಫೋನು ತಂದರೆ ಕಸ್ಟಮ್ಸ್‌ನ ವಿನಾಯಿತಿ ಮಿತಿ ಮೀರಿದ ಬೆಲೆಗೆ ಸುಂಕ ಉಂಟು. ಎರಡು ಮೂರು ತಂದರೆ ಹೇಳುವುದೇ ಬೇಡ.

ಅದಕ್ಕಿಂತ ದೊಡ್ಡ ವಿಷಯ ಸಿಮ್. ಯುಎಇ, ಸೌದಿ, ಕತಾರ್, ಒಮಾನ್, ಕುವೈತ್, ಬಹರೈನ್‌ಗಳಲ್ಲಿ ಮಾರುವ ಐಫೋನ್ 17 ಮತ್ತು 17 ಪ್ರೊಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಇಲ್ಲಿ ಮಾರುವುದರಲ್ಲಿ ಸಿಮ್ ತಟ್ಟೆ ಉಂಟು. ಜಿಯೊ, ಏರ್‌ಟೆಲ್, ವಿ ಇ-ಸಿಮ್ ಕೊಡುತ್ತವೆ, ತೊಂದರೆ ಇಲ್ಲ ಎನ್ನಬಹುದು. ಆದರೆ ಫೋನು ನೀರಿಗೆ ಬಿದ್ದ ದಿನ ಸಿಮ್ ತೆಗೆದು ಉಮ್ಮನ ಹಳೆಯ ಫೋನಿಗೆ ಹಾಕಿ ಬ್ಯಾಂಕಿನ ಒಟಿಪಿ ನೋಡುವ ದಾರಿ ಅಲ್ಲಿ ಮುಚ್ಚಿರುತ್ತದೆ. ಇದು ಗೊತ್ತಿದ್ದು ತಂದರೆ ಸರಿ. ಗೊತ್ತಿಲ್ಲದೆ ತಂದು ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದ ಮೇಲೆ ಸಿಮ್ ತಟ್ಟೆ ಹುಡುಕಿದರೆ ಪೇಚಾಟ. ವಾರಂಟಿಯೂ ಕಂಪೆನಿ, ದೇಶ ನೋಡಿ ಬದಲಾಗುತ್ತದೆ. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ಸೇವೆ ಉಂಟಾ ಎಂದು ಕೊಳ್ಳುವ ಮೊದಲೇ ಕೇಳಿ, ಬಿಲ್ಲು ಜೋಪಾನ ಮಾಡಿ.

ನಮ್ಮ ಕರಾವಳಿಯ ಮಳೆ, ಉಪ್ಪು ನೀರೂ ಲೆಕ್ಕಕ್ಕೆ ಬರಬೇಕು. ಐಪಿ68 ಎಂದು ಬರೆದದ್ದನ್ನು ನಂಬಿ ಉಳ್ಳಾಲದ ಅಲೆಯಲ್ಲಿ ಫೋನು ಮುಳುಗಿಸಬೇಡಿ. ಆ ಪರೀಕ್ಷೆ ಸಿಹಿ ನೀರಿನದ್ದು, ನೀರು ಹೋಗಿ ಹಾಳಾದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಒಡೆದ ಪರದೆ ಬದಲಿಸುವ ಖರ್ಚಿನಲ್ಲಿ ಒಂದು ಸಾಧಾರಣ ಹೊಸ ಫೋನೇ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿ ಐಎಂಇಐ ಸಂಖ್ಯೆ ನೋಡಿ, ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿ. ಕದ್ದದ್ದೆಂದು ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ.

ಕಂತಿನ ವಿಷಯವನ್ನೂ ಹೇಳಿಬಿಡುತ್ತೇವೆ. "ಬಡ್ಡಿ ಇಲ್ಲ, ಸೊನ್ನೆ ಪರ್ಸೆಂಟ್" ಎಂಬ ಬೋರ್ಡು ನೋಡಿ ಬಡ್ಡಿಗೆ ಹೆದರುವ ನಮ್ಮವರೂ ಧೈರ್ಯವಾಗಿ ಸಹಿ ಹಾಕುತ್ತಾರೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಹೆಚ್ಚಿನ ಕಡೆ ಬ್ಯಾಂಕು ಬಡ್ಡಿ ಹಾಕಿಯೇ ಇರುತ್ತದೆ, ಅಷ್ಟನ್ನು ಮಾರುವವರು ರಿಯಾಯಿತಿ ಎಂದು ಮುರಿದುಕೊಟ್ಟಿರುತ್ತಾರೆ. ಜೊತೆಗೆ ಪ್ರೊಸೆಸಿಂಗ್ ಫೀಸು, ಬಡ್ಡಿಯ ಮೇಲಿನ ಜಿಎಸ್‌ಟಿ. ಹಾಗಾಗಿ ಕಾಗದ ಓದಿ, ಆಮೇಲೆ ಸಹಿ ಹಾಕಿ.

ಕೊನೆಗೆ, ಮನಸ್ಸಿಗೆ ಕಷ್ಟವಾಗುವ ಮಾತು. ಮದುವೆ ನಿಶ್ಚಯವಾದ ಮೇಲೆ ಹುಡುಗಿಗೆ ಫೋನು ಕೊಡುವುದು ನಮ್ಮಲ್ಲಿ ಎಷ್ಟೋ ಕಡೆ ವಾಡಿಕೆಯಾಗಿದೆ. ಪ್ರೀತಿಯಿಂದ ಕೊಟ್ಟರೆ ಸಂತೋಷವೇ. ಆದರೆ "ಅವರ ಮನೆಯಲ್ಲಿ ಪ್ರೊ ಕೊಟ್ಟರಂತೆ, ಇವರು ಸಾದಾ ಕೊಟ್ಟರಂತೆ" ಎಂಬ ಮಾತು ಶುರುವಾದ ದಿನ ಅದು ಉಡುಗೊರೆಯಾಗಿ ಉಳಿಯುವುದಿಲ್ಲ. ಆ ಹುಡುಗ ಸಾಲ ಮಾಡುತ್ತಾನೆ, ಆ ಸಾಲವನ್ನು ಮದುವೆಯಾದ ಮೇಲೆ ಇಬ್ಬರೂ ಸೇರಿ ತೀರಿಸುತ್ತಾರೆ. ಇಂಥ ಮಾತು ಹೊರಡುವುದು ನಮ್ಮದೇ ಚಾವಡಿಯಲ್ಲಿ. ನಿಲ್ಲಿಸಬೇಕಾದವರೂ ನಾವೇ.

ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ಹೋಗುವುದಿಲ್ಲವೆಂದು ಎಷ್ಟೋ ಉಮ್ಮಂದಿರು ಬೋಟಿಮ್ ಹಾಕಿಸಿಕೊಂಡಿದ್ದಾರೆ. ಹದಿನೈದು ಸಾವಿರದ ಫೋನಿನಲ್ಲೂ ಮಗನ ಮುಖ ಅಷ್ಟೇ ಚೆನ್ನಾಗಿ ಕಾಣುತ್ತದೆ. ಮುಂದಿನ ಸಲ ಅವನು "ಎಂತ ತರಬೇಕು?" ಅಂತ ಕೇಳಿದಾಗ ಒಮ್ಮೆ ತಿರುಗಿ ಕೇಳಿ ನೋಡಿ: "ಮೊದಲು ಹೇಳು, ನಿನ್ನ ಫೋನಿನ ಗಾಜು ಸರಿ ಮಾಡಿಸಿದ್ದೀಯಾ?"